ಹೊದ್ದೂ ಹೊದೆಯದಂತೆ

1850ರ ದಶಕದ ಲಂಡನ್. ಜುಲೈ ತಿಂಗಳ ಮಧ್ಯಾಹ್ನ. ಅನುಕೂಲಸ್ಥರ ಮನೆಯ ಹೆಂಗಸೊಬ್ಬಳು ಹೊರಗೆ ಹೊರಡಬೇಕು. ಅವಳ ಮೈಮೇಲೆ ಆಗಲೇ ಒಂದು ಲಿನನ್ ಒಳಂಗಿ, ಅದರ ಮೇಲೆ ತಿಮಿಂಗಿಲದ ಬಾಯಿಂದ ತೆಗೆದ ಕಡ್ಡಿಗಳನ್ನು ಸೇರಿಸಿ ಹೊಲಿದ ಬಿಗಿ ಕಾರ್ಸೆಟ್, ಅದನ್ನು ಮರೆಮಾಡಲು ಮತ್ತೊಂದು ತೆಳು ರವಿಕೆ, ಸೊಂಟದಿಂದ ಕೆಳಗೆ ಗಂಜಿ ಹಾಕಿದ ನಾಲ್ಕಾರು ಒಳಲಂಗ, ಇಷ್ಟೂ ಸಾಲದೆಂದು ಕತ್ತಿನ ತನಕ ಮುಚ್ಚಿದ ಉದ್ದ ತೋಳಿನ ಉಡುಪು ಇವೆ. ಟೋಪಿ, ಕೈಗವಸು, ಕೊಡೆ ಬೇರೆ. ಆದರೂ ಅವಳು ಬಾಗಿಲು ದಾಟುವಂತಿಲ್ಲ. ಭುಜದ ಮೇಲೆ ಇನ್ನೂ ಒಂದು ಬಟ್ಟೆ ಬರಬೇಕು.

ಆ ಬಟ್ಟೆಗೂ ಚಳಿಗೂ ಸಂಬಂಧವಿರಲಿಲ್ಲ. ಹೊದಿಕೆಯಿಲ್ಲದೆ ಬೀದಿಗಿಳಿದವಳು ಅರ್ಧ ಉಟ್ಟು ಹೊರಟವಳಂತೆ ಕಾಣುತ್ತಿದ್ದಳು. ಮನೆಯ ಒಳಗಿನ ದಿರಿಸು ಬೇರೆ, ಬೀದಿಯ ದಿರಿಸು ಬೇರೆ. ಇವೆರಡರ ನಡುವಿನ ಗೆರೆಯನ್ನು ಎಳೆಯುತ್ತಿದ್ದದ್ದು ಈ ಮೇಲುಹೊದಿಕೆಯೇ. ನಮ್ಮ ಅಜ್ಜಿಯರು ಅಂಗಳ ದಾಟುವ ಮುನ್ನ ಸೆರಗನ್ನು ಇನ್ನೊಂದು ಭುಜದ ಮೇಲೂ ಎಳೆದುಕೊಳ್ಳುತ್ತಿದ್ದದ್ದನ್ನು ನೆನೆದರೆ ಸಾಕು, ಸಂಗತಿ ಅರ್ಥವಾಗುತ್ತದೆ. ಎಳೆಯ ಹುಡುಗಿಯರಿಗೆ, ಹಳ್ಳಿಯ ಮನೆಯ ತೋಟದಲ್ಲಿ ಅಡ್ಡಾಡುವವರಿಗೆ ಸ್ವಲ್ಪ ರಿಯಾಯಿತಿಯಿತ್ತು. ಪೇಟೆಬೀದಿಯಲ್ಲಿ, ಅದರಲ್ಲೂ ಮದುವೆಯಾದವಳಿಗೆ, ಇರಲಿಲ್ಲ.

ಹೀಗಾಗಿ ಯೂರೋಪಿನ ನೇಕಾರರ, ಲೇಸ್ ಹೆಣೆಯುವವರ, ವ್ಯಾಪಾರಿಗಳ ಮುಂದೆ ವಿಚಿತ್ರವಾದೊಂದು ಬೇಡಿಕೆ ಬಂದು ನಿಂತಿತು. ಮೈ ಮುಚ್ಚಬೇಕು, ಆದರೆ ಬಿಸಿಯಾಗಬಾರದು. ಕಣ್ಣಿಗೆ ಕಾಣಬೇಕು, ಭುಜಕ್ಕೆ ತಿಳಿಯಬಾರದು. ಆ ಶತಮಾನದ ನಡುವಿನ ಎರಡು ದಶಕಗಳಲ್ಲಿ ಈ ಬೇಡಿಕೆಯನ್ನು ಪೂರೈಸಲು ಪಟ್ಟಷ್ಟು ಪಾಡನ್ನು ಚಳಿಗಾಲದ ಕೋಟಿಗಾಗಿ ಯಾರೂ ಪಟ್ಟಂತಿಲ್ಲ.

ಮೊದಲ ತೊಡಕು ಲಂಗದ್ದು. 1840ರ ದಶಕದಿಂದಲೇ ಲಂಗ ಅಗಲವಾಗುತ್ತ ಬಂದಿತ್ತು. 1856ರಲ್ಲಿ ಉಕ್ಕಿನ ಬಳೆಗಳನ್ನು ಪಟ್ಟಿಗಳಿಂದ ಜೋಡಿಸಿದ ಕ್ರಿನೋಲಿನ್ ಪಂಜರಕ್ಕೆ ಪೇಟೆಂಟ್ ಸಿಕ್ಕಿತು. ಒಳಲಂಗಗಳ ಭಾರ ತಗ್ಗಿತು, ಲಂಗದ ಅಂಚಿನ ಸುತ್ತಳತೆ ಐದಾರು ಗಜಕ್ಕೆ ಹಿಗ್ಗಿತು. ತೋಳೂ ಮೊಣಕೈಯಿಂದ ಕೆಳಗೆ ಗಂಟೆಯಂತೆ ಅರಳಿತ್ತು. ಇಂಥ ತೋಳಿನ ಮೇಲೆ, ಇಂಥ ಲಂಗದ ಮೇಲೆ ಮೈಯಳತೆಯ ಕೋಟು ಕೂರುವುದಾದರೂ ಹೇಗೆ? ದರ್ಜಿ ಕೈಚೆಲ್ಲಬೇಕು. ಆದರೆ ಚೌಕದ ಬಟ್ಟೆಯೊಂದನ್ನು ಮೂಲೆಯಿಂದ ಮೂಲೆಗೆ ಮಡಿಸಿ ಭುಜದ ಮೇಲೆ ಹಾಕಿದರೆ ಬೆನ್ನಿನ ತುದಿ ಲಂಗದ ಇಳಿಜಾರಿನ ಮೇಲೆ ತಾನಾಗಿಯೇ ಹರಡಿಕೊಳ್ಳುತ್ತದೆ. ಶಾಲು ಅಷ್ಟು ಕಾಲ ಆಳಿದ್ದಕ್ಕೆ ಫ್ಯಾಷನ್ನಿನ ಚಪಲಕ್ಕಿಂತ ಈ ರೇಖಾಗಣಿತವೇ ದೊಡ್ಡ ಕಾರಣ ಎನ್ನಬೇಕು.

ಶಾಲುಗಳ ರಾಣಿ ಕಾಶ್ಮೀರದ್ದು. 1846ರ ಅಮೃತಸರ ಒಪ್ಪಂದದಲ್ಲಿ ಜಮ್ಮುವಿನ ಗುಲಾಬ್ ಸಿಂಗ್ ಬ್ರಿಟಿಷರಿಗೆ ಪ್ರತಿವರ್ಷ ಒಂದು ಕುದುರೆ, ಶಾಲಿನ ಉಣ್ಣೆಯ ಹನ್ನೆರಡು ಮೇಕೆ, ಮೂರು ಜೊತೆ ಕಾಶ್ಮೀರಿ ಶಾಲು ಕಪ್ಪವಾಗಿ ಕೊಡಬೇಕೆಂದು ಬರೆದಿತ್ತು. ರಾಜ್ಯವೊಂದರ ಹಸ್ತಾಂತರದ ಕಾಗದದಲ್ಲಿ ಹೆಂಗಸರ ಹೊದಿಕೆ ಜಾಗ ಪಡೆದದ್ದು ಹೀಗೆ. ವಿಕ್ಟೋರಿಯಾ ರಾಣಿ ಈ ಶಾಲುಗಳನ್ನು ಮದುವೆಯ ಉಡುಗೊರೆಯಾಗಿ ಹಂಚುತ್ತಿದ್ದಳು. ಎಲಿಜಬೆತ್ ಗ್ಯಾಸ್ಕೆಲ್‌ಳ ‘ನಾರ್ತ್ ಅಂಡ್ ಸೌತ್’ ಕಾದಂಬರಿ ಶುರುವಾಗುವುದೇ ಮದುವೆ ಹೆಣ್ಣಿನ ಭಾರತೀಯ ಶಾಲುಗಳನ್ನು ಬಿಚ್ಚಿ ನೋಡುವ ಮನೆಯೊಂದರಲ್ಲಿ. ಮದುವಣಗಿತ್ತಿ ನಿದ್ದೆಹೋಗಿರುವಾಗ ನಾಯಕಿ ಮಾರ್ಗರೆಟ್ಟಳೇ ಬೊಂಬೆಯಂತೆ ನಿಂತು ಅವನ್ನು ಹೊದ್ದು ತೋರಿಸುತ್ತಾಳೆ. ಸ್ಕಾಟ್ಲೆಂಡಿನ ಪೇಯ್ಸ್ಲಿ, ಇಂಗ್ಲೆಂಡಿನ ನಾರಿಚ್, ಫ್ರಾನ್ಸಿನ ಲಿಯೋನ್, ನೀಮ್ ಊರುಗಳು ಜಕಾರ್ಡ್ ಮಗ್ಗದಲ್ಲಿ ಕಾಶ್ಮೀರದ ಮಾವಿನಕಾಯಿ ಬುಟ್ಟಾವನ್ನು ನಕಲು ಮಾಡಿಯೇ ಬದುಕುತ್ತಿದ್ದವು. ಕೊನೆಗೆ ಆ ಬುಟ್ಟಾಕ್ಕೆ ಪೇಯ್ಸ್ಲಿಯ ಹೆಸರೇ ಅಂಟಿಕೊಂಡಿತು.

ಆದರೆ ಕಾಶ್ಮೀರದ ಶಾಲು ಎಷ್ಟೇ ನವಿರಾಗಿದ್ದರೂ ಅದು ಉಣ್ಣೆ. ಜುಲೈ ಬಿಸಿಲಿಗೆ ಬೇರೆ ಬಟ್ಟೆ ಬೇಕಿತ್ತು.

ಆಗ ಮುಂದೆ ಬಂದದ್ದು ಬರೇಜ್, ಗ್ರೆನಡೀನ್, ಗಾಜ್ ಎಂಬ ಜಾಲರಿ ನೇಯ್ಗೆಗಳು. ಬರೇಜ್ ಎಂದರೆ ರೇಷ್ಮೆ ಮತ್ತು ಸಣ್ಣ ಉಣ್ಣೆಯ ಎಳೆಗಳನ್ನು ಬಿಡಿಬಿಡಿಯಾಗಿ ನೇಯ್ದದ್ದು. ಅಂಚಿಗೆ, ಮೂಲೆಗಳಿಗೆ ಹೂಬಳ್ಳಿಗಳನ್ನು ಅಚ್ಚು ಹಾಕುತ್ತಿದ್ದರು. ಗಾಜ್‌ನ ಗುಟ್ಟು ಮಗ್ಗ ಬಲ್ಲವರಿಗೆ ಹಿಡಿಸುವಂಥದ್ದು. ಸಾದಾ ನೇಯ್ಗೆಯನ್ನು ತೀರಾ ಅಳ್ಳಕವಾಗಿ ನೇಯ್ದರೆ ಎಳೆಗಳು ಜರುಗಿ ಬಟ್ಟೆ ಅಂದಗೆಡುತ್ತದೆ. ಗಾಜ್‌ನಲ್ಲಿ ಹಾಸಿನ ಎಳೆಗಳು ಎರಡೆರಡಾಗಿ ನಿಲ್ಲುತ್ತವೆ. ಪ್ರತಿ ಹೊಕ್ಕು ಹಾಯ್ದಾಗಲೂ ಆ ಜೋಡಿಯಲ್ಲೊಂದು ಇನ್ನೊಂದನ್ನು ಅಡ್ಡ ದಾಟಿ ಹೊಕ್ಕಿನ ಎಳೆಯನ್ನು ಹಿಸುಕಿ ಹಿಡಿಯುತ್ತದೆ. ನಡುವೆ ಗಾಳಿಯಾಡುವ ಕಿಂಡಿ ಉಳಿಯುತ್ತದೆ, ಎಳೆ ಮಾತ್ರ ಜಾರುವುದಿಲ್ಲ. ಇದನ್ನು ಭುಜದ ಮೇಲೆ ಹಾಕಿದರೆ ಕೆಳಗಿನ ಉಡುಪಿನ ಬಣ್ಣ ಮಸುಕಾಗಿ ಹೊರಗೆ ಕಾಣುತ್ತಿತ್ತು. ಅದಕ್ಕೇ ಶಾಲು ಆರಿಸುವವಳು ಉಡುಪನ್ನೂ ಜೊತೆಗಿಟ್ಟು ನೋಡಬೇಕಿತ್ತು.

ಉಣ್ಣೆಯೇ ಬೇಕೆಂದವರಿಗೆ ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳಿಂದ ಜೇಡರಬಲೆಯಂಥ ಹೆಣಿಗೆ ಶಾಲುಗಳು ಬರುತ್ತಿದ್ದವು. ಆಕ್ಸ್‌ಫರ್ಡಿನ ವ್ಯಾಪಾರಿ ಎಡ್ವರ್ಡ್ ಸ್ಟ್ಯಾಂಡನ್ 1840ರ ಹೊತ್ತಿಗೆ ಅವನ್ನು ಲಂಡನ್ನಿಗೆ ತಂದ. ಕಡಲತೀರದ ಸಂಜೆಗಾಳಿಗೆ ಅವು ಹೇಳಿ ಮಾಡಿಸಿದಂತಿದ್ದವು.

ಶಾಲಿಗೆ ಗುಂಡಿಯಿಲ್ಲ, ದಾರವಿಲ್ಲ. ಮೊಣಕೈಯನ್ನು ಸೊಂಟಕ್ಕೊತ್ತಿ, ಎರಡು ತುದಿಗಳನ್ನು ತೋಳಿನ ಮಡಿಕೆಯಲ್ಲಿ ಹಿಡಿದು, ಬೆನ್ನು ನೇರವಾಗಿಟ್ಟು ನಡೆಯಬೇಕು. ಕೈ ಬೀಸಿದರೆ ಜಾರುತ್ತದೆ, ಬಾಗಿದರೆ ಬೀಳುತ್ತದೆ. ಶಾಲು ಹೊದೆಯುವ ರೀತಿಯಿಂದಲೇ ಹೆಂಗಸಿನ ಅಂತಸ್ತು ತಿಳಿಯುತ್ತದೆಂದು ಅಂದಿನವರು ನಂಬಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಕೈಗೆ ಕೆಲಸವಿಲ್ಲದವಳು ಮಾತ್ರ ಹಾಗೆ ಹೊದೆಯಬಲ್ಲಳು. ಹಾಲಿನ ಗಡಿಗೆ ಹೊತ್ತವಳು, ತೊಳೆದ ಬಟ್ಟೆಯ ಬುಟ್ಟಿ ಹಿಡಿದವಳು ಸಣ್ಣ ಕೈವಸ್ತ್ರವೊಂದನ್ನು ಎದೆಯ ಮೇಲೆ ಅಡ್ಡ ತಂದು ಸೊಂಟಕ್ಕೆ ಸಿಗಿಸಿಕೊಳ್ಳುತ್ತಿದ್ದಳು. ಅಷ್ಟೇ ಅವಳ ಬೇಸಿಗೆ ಹೊದಿಕೆ.

ಎಲ್ಲಕ್ಕಿಂತ ತೆಳುವಾದದ್ದು, ಎಲ್ಲಕ್ಕಿಂತ ದುಬಾರಿಯಾದದ್ದು ಕರಿ ಲೇಸ್. 1853ರ ಜನವರಿಯಲ್ಲಿ ಸ್ಪೇನಿನ ಯೂಜೀನಿ ದೆ ಮೊಂತಿಹೊ ಮೂರನೆಯ ನೆಪೋಲಿಯನ್ನನ ಕೈಹಿಡಿದು ಫ್ರಾನ್ಸಿನ ಸಾಮ್ರಾಜ್ಞಿಯಾದ ಮೇಲೆ ಸ್ಪೇನಿನ ಹೆಂಗಸರ ತಲೆಹೊದಿಕೆಯಾದ ಮಂಟಿಲಾದ ನೆನಪು ತರುವ ಕರಿ ಲೇಸಿನ ಹೊದಿಕೆಗಳಿಗೆ ಹೊಸ ಕಳೆ ಬಂತು. ಬಿಳಿ ಮಸ್ಲಿನ್ ಉಡುಪಿನ ಮೇಲೆ ದೊಡ್ಡ ಮುಕ್ಕೋನದ ಕರಿ ಲೇಸ್ ಹರಡಿದರೆ ಉಡುಪಿನ ಬಿಳುಪೇ ಹಿನ್ನೆಲೆಯಾಗಿ ಲೇಸಿನ ಹೂವು, ಎಲೆ, ಬಳ್ಳಿ ಬರೆದಂತೆ ಎದ್ದು ಕಾಣುತ್ತಿದ್ದವು.

ಈ ಲೇಸನ್ನು ಪ್ಯಾರಿಸ್ ಬಳಿಯ ಶಾಂಟಿಯಿ ಊರಿನ ಹೆಸರಲ್ಲಿ ಮಾರುತ್ತಿದ್ದರು. ಆದರೆ ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಗಿರಾಕಿಗಳ ತಲೆಯೇ ಉರುಳಿಹೋಗಿ ಶಾಂಟಿಯಿಯ ಕಸುಬು ನೆಲಕಚ್ಚಿತ್ತು. ಶತಮಾನದ ನಡುವಿನ ಹೊತ್ತಿಗೆ ಅದನ್ನು ಹೆಣೆಯುತ್ತಿದ್ದವರು ನಾರ್ಮಂಡಿಯ ಬಾಯೆ, ಕಾನ್ ಸುತ್ತಲಿನ ಹೆಂಗಸರು ಮತ್ತು ಬೆಲ್ಜಿಯಂನ ಗ್ರಾಮೋಂ ಊರಿನವರು. ಬಾಯೆಯ ಲೆಫೆಬ್ಯೂರ್ ಸಂಸ್ಥೆ ಇದರಲ್ಲಿ ಹೆಸರಾಗಿತ್ತು. ಹೆಣೆಯುವವಳ ತೊಡೆಯ ಮೇಲೆ ಗಟ್ಟಿ ದಿಂಬು, ದಿಂಬಿನ ಮೇಲೆ ಚುಚ್ಚಿ ಗುರುತು ಮಾಡಿದ ನಕಾಶೆ, ಗುರುತಿಗೊಂದು ಗುಂಡುಸೂಜಿ, ಸೂಜಿಗಳ ನಡುವೆ ಹಾಯಲು ಹೊಳಪಿಲ್ಲದ ಕರಿ ರೇಷ್ಮೆ ಸುತ್ತಿದ ಮರದ ಕದಿರುಗಳು. ಒಬ್ಬಳೇ ಇಡೀ ಶಾಲು ಹೆಣೆಯಲು ಕೂತರೆ ವರ್ಷಗಳೇ ಬೇಕು. ಅದಕ್ಕಾಗಿ ನಕಾಶೆಯನ್ನೇ ಕೆಲವು ಅಂಗುಲ ಅಗಲದ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯನ್ನು ಒಬ್ಬೊಬ್ಬಳಿಗೆ ಕೊಡುತ್ತಿದ್ದರು. ಸೀಳು ಹೂವಿನ ನಡುವೆ ಹಾಯಬಾರದು, ಎಲೆಯ ಅಂಚನ್ನು ಹಿಡಿದು ಸಾಗಬೇಕು. ಎಲ್ಲ ಪಟ್ಟಿಗಳೂ ಮುಗಿದು ಬಂದ ಮೇಲೆ ಕೂಡಿಸುವ ಹೆಂಗಸು ಸೂಜಿಯಲ್ಲಿ ಅದೇ ರೇಷ್ಮೆ ಹಾಕಿ ಒಂದು ಪಟ್ಟಿಯ ಕಣ್ಣನ್ನು ಇನ್ನೊಂದರ ಕಣ್ಣಿಗೆ ಕೂಡಿಸುತ್ತಿದ್ದಳು. ಆ ಹೊಲಿಗೆ ಜಾಲರಿಯ ಒಂದು ಸಾಲಿನಂತೆಯೇ ಇರುತ್ತಿತ್ತು. ಇಂದು ವಸ್ತುಸಂಗ್ರಹಾಲಯಗಳಲ್ಲಿ ಭೂತಗನ್ನಡಿ ಹಿಡಿದು ಹುಡುಕುವವರಿಗೂ ಅದು ಸುಲಭಕ್ಕೆ ಸಿಗುವುದಿಲ್ಲ.

ಯಂತ್ರಗಳು ಸುಮ್ಮನಿರಲಿಲ್ಲ. ಜಾನ್ ಹೀತ್‌ಕೋಟ್ 1809ರಲ್ಲಿ ಜಾಲರಿ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. 1816ರ ಜೂನ್ ತಿಂಗಳ ಒಂದು ರಾತ್ರಿ ಲಫ್‌ಬರೋದಲ್ಲಿದ್ದ ಅವನ ಕಾರ್ಖಾನೆಗೆ ಯಂತ್ರದ್ವೇಷಿ ಲಡ್ಡೈಟರು ನುಗ್ಗಿ 55 ಯಂತ್ರಗಳನ್ನು ಪುಡಿ ಮಾಡಿದರು. ಅವನು ದೂರದ ಟಿವರ್ಟನ್ ಊರಿಗೆ ಗಂಟುಮೂಟೆ ಕಟ್ಟಿದ. ಮುಂದಿನ ದಶಕಗಳಲ್ಲಿ ನಾಟಿಂಗ್‌ಹ್ಯಾಮ್‌ನ ‘ಪುಶರ್’ ಯಂತ್ರಗಳು ಶಾಂಟಿಯಿಯನ್ನೇ ಹೋಲುವ ಇಡೀ ಮುಕ್ಕೋನದ ಶಾಲನ್ನು ಹೆಣೆದು ಕೊಡತೊಡಗಿದವು. ಒಂದು ಕೆಲಸ ಮಾತ್ರ ಯಂತ್ರಕ್ಕೆ ಒಗ್ಗಲಿಲ್ಲ. ಹೂವಿನ ಅಂಚಿಗೆ ದಪ್ಪ ದಾರವನ್ನು ಸೂಜಿಯಿಂದಲೇ ಓಡಿಸಬೇಕಿತ್ತು. ಅದನ್ನು ನಾಟಿಂಗ್‌ಹ್ಯಾಮ್‌ನ ಹೆಂಗಸರು, ಮಕ್ಕಳು ಮನೆಮನೆಗಳಲ್ಲಿ ಕೂತು ಮಾಡುತ್ತಿದ್ದರು. ಮಕ್ಕಳ ದುಡಿಮೆಯನ್ನು ತನಿಖೆ ಮಾಡಿದ ಸರ್ಕಾರಿ ಆಯೋಗದ 1843ರ ವರದಿಯಲ್ಲಿ ಲೇಸ್ ಕಸುಬಿನ ಎಳೆಯ ಕೂಸುಗಳ ಪಾಡು ದಾಖಲಾಗಿದೆ. ಭುಜಕ್ಕೆ ಭಾರವೇ ತಿಳಿಯದ ಆ ಹೊದಿಕೆ ಯಾರ ಕಣ್ಣಿಗೆ ಭಾರವಾಗಿತ್ತೆಂಬುದು ಅಲ್ಲಿ ಗೊತ್ತಾಗುತ್ತದೆ.

ಬೇಸಿಗೆ ಹೊದಿಕೆಗೂ ಬಳಕೆಯಾಗುತ್ತಿದ್ದ ಬಿಳಿ ಮಸ್ಲಿನ್ನಿನ ಕಥೆ ಇನ್ನೂ ದೂರ ಹೋಗುತ್ತದೆ. ಹಿಂದೆ ಢಾಕಾದಿಂದ ಬರುತ್ತಿದ್ದ ಮಸ್ಲಿನ್ನನ್ನು ಆ ಹೊತ್ತಿಗೆ ಲ್ಯಾಂಕಾಶೈರ್, ಗ್ಲ್ಯಾಸ್ಗೋ ಗಿರಣಿಗಳು ಮೂಲೆಗೆ ತಳ್ಳಿಯಾಗಿತ್ತು. ಸ್ಕಾಟ್ಲೆಂಡಿನ ಏರ್‌ಶೈರ್ ಮತ್ತು ಐರ್ಲೆಂಡಿನ ಸಾವಿರಾರು ಹೆಂಗಸರು ಗಿರಣಿಯ ಮಸ್ಲಿನ್ ಮೇಲೆ ಬಿಳಿ ದಾರದಲ್ಲೇ ಹೂ ತೆಗೆಯುತ್ತಿದ್ದರು. 1857ರ ಹಣಕಾಸಿನ ಬಿಕ್ಕಟ್ಟಿನಲ್ಲಿ ಈ ವ್ಯಾಪಾರದ ದೊಡ್ಡ ಕುಳವಾಗಿದ್ದ ಗ್ಲ್ಯಾಸ್ಗೋದ ಮೆಕ್‌ಡೊನಾಲ್ಡ್ ಸಂಸ್ಥೆ ದಿವಾಳಿಯೆದ್ದಿತು. ಅದಕ್ಕೆ ಸಾಲ ಕೊಟ್ಟಿದ್ದ ವೆಸ್ಟರ್ನ್ ಬ್ಯಾಂಕೂ ಮುಳುಗಿತು. ಬೇಸಿಗೆಯ ಒಂದು ಹೊದಿಕೆಯ ಹಿಂದೆ ಬ್ಯಾಂಕೇ ಮುಳುಗುವಷ್ಟು ದುಡ್ಡು ಓಡಾಡುತ್ತಿತ್ತು.

ನಯವಾದ ಮಸ್ಲಿನ್ನಿಗೆ ಉದ್ದ ಎಳೆಯ ಹತ್ತಿ ಬೇಕು. ಅದರಲ್ಲಿ ಶ್ರೇಷ್ಠವೆನಿಸಿದ ಸೀ ಐಲೆಂಡ್ ಹತ್ತಿ ಬೆಳೆಯುತ್ತಿದ್ದದ್ದು ದಕ್ಷಿಣ ಕೆರೊಲಿನಾ, ಜಾರ್ಜಿಯಾ ಕರಾವಳಿಯ ದ್ವೀಪಗಳಲ್ಲಿ, ಗುಲಾಮರ ಕೈಯಿಂದ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಲ್ಯಾಂಕಾಶೈರ್ ಗಿರಣಿಗಳು ಹತ್ತಿಯಿಲ್ಲದೆ ಬಾಯಿಬಿಟ್ಟವು. ಆಗ ಕನ್ನಡನಾಡಿನತ್ತ ಅವರ ಕಣ್ಣು ಬಿತ್ತು. ಧಾರವಾಡದ ಕಪ್ಪುನೆಲದಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ತಳಿಯನ್ನು ಬಿತ್ತಿ ನೋಡಿದ್ದರು. ‘ಧಾರವಾಡ ಅಮೆರಿಕನ್’, ‘ಕುಮಟಾ’ ಎಂಬ ಹೆಸರುಗಳು ಲಿವರ್‌ಪೂಲಿನ ಹತ್ತಿ ಪೇಟೆಯಲ್ಲಿ ಓಡಾಡುತ್ತಿದ್ದವು. ಈ ಹತ್ತಿಯನ್ನು ಸುಲಭವಾಗಿ ಹಡಗಿಗೆ ಏರಿಸಲು ಕಾರವಾರವನ್ನು ಬಂದರಾಗಿ ಬೆಳೆಸಬೇಕೆಂಬ ಒತ್ತಡದಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಹಾಗೆಂದು ಹುಬ್ಬಳ್ಳಿಯ ಹತ್ತಿ ಲಂಡನ್ ಹೆಂಗಸಿನ ಭುಜದ ಮೇಲೆ ಮಸ್ಲಿನ್ನಾಗಿ ತೇಲಿತೆಂದು ಬೀಗುವಂತಿಲ್ಲ. ನಮ್ಮ ಹತ್ತಿಯ ಎಳೆ ಗಿಡ್ಡ, ಅದರಿಂದ ಬರುತ್ತಿದ್ದದ್ದು ದಪ್ಪ ನೂಲು.

ಮಸ್ಲಿನ್, ಗಾಜ್‌ಗಳ ಹಗುರಕ್ಕೆ ಇನ್ನೊಂದು ಬೆಲೆಯಿತ್ತು. ಎಳೆಯ ಸುತ್ತ ಗಾಳಿಯಾಡುವ ಬಟ್ಟೆಗೆ ಕಿಡಿ ತಾಗಿದರೆ ಕ್ಷಣದಲ್ಲಿ ಭುಗಿಲೆನ್ನುತ್ತದೆ. 1861ರ ಜುಲೈನಲ್ಲಿ ಅಮೆರಿಕದ ಕವಿ ಲಾಂಗ್‌ಫೆಲೋನ ಹೆಂಡತಿ ಫ್ಯಾನಿ ಮಗಳ ಕೂದಲಿನ ಗೊಂಚಲನ್ನು ಪೊಟ್ಟಣ ಕಟ್ಟಿ ಅರಗಿನ ಮುದ್ರೆ ಒತ್ತುತ್ತಿದ್ದಾಗ ತೆಳು ಬೇಸಿಗೆ ಉಡುಪಿಗೆ ಬೆಂಕಿ ಹತ್ತಿತು. ಮರುದಿನ ಆಕೆ ತೀರಿಕೊಂಡಳು. ಇಂಗ್ಲೆಂಡಿನಲ್ಲಿ ವರ್ಸ್‌ಮನ್, ಆಪನ್‌ಹೈಮ್ ಎಂಬ ರಸಾಯನಶಾಸ್ತ್ರಜ್ಞರು ಹಗುರ ಬಟ್ಟೆಗೆ ಬೆಂಕಿ ಹತ್ತದಂತೆ ಮಾಡುವ ಲವಣಗಳ ಹುಡುಕಾಟಕ್ಕಿಳಿದು, ಗಂಜಿಯ ಜೊತೆ ಸೋಡಿಯಂ ಟಂಗ್‌ಸ್ಟೇಟ್ ಬೆರೆಸಿದರೆ ಇಸ್ತ್ರಿಗೂ ತೊಂದರೆಯಿಲ್ಲ, ಬೆಂಕಿಯೂ ಹಬ್ಬುವುದಿಲ್ಲ ಎಂದು ತೋರಿಸಿದರು. ಮನೆಮನೆಯ ಅಗಸಗಿತ್ತಿಯರಿಗೆ ಅದು ರೂಢಿಯಾಗಲೇ ಇಲ್ಲ.

ಶಾಲು ಜಾರುತ್ತದೆಂದು ಬೇಸತ್ತವರಿಗೆ ಮ್ಯಾಂಟಲ್ ಇತ್ತು. ಭುಜದ ಆಕಾರಕ್ಕೆ ಕತ್ತರಿಸಿ, ಕತ್ತಿನ ಬಳಿ ಕಟ್ಟಿಕೊಳ್ಳುವ ಗಿಡ್ಡ ಮೇಲಂಗಿ. ಬೇಸಿಗೆಗೆ ತೆಳು ಕರಿ ರೇಷ್ಮೆ, ಮಸ್ಲಿನ್ ಅಥವಾ ಲೇಸ್. ಮೈಯಳತೆ ಕೇಳದ ಉಡುಪಾದ್ದರಿಂದ ಹೆಂಗಸರ ಸಿದ್ಧ ಉಡುಪಿನ ವ್ಯಾಪಾರ ಬೇರೂರಿದ್ದು ಇಂಥವುಗಳಿಂದಲೇ. ಒಂದೇ ಅಚ್ಚಿನದನ್ನು ಹೊಲಿದು ಅಂಗಡಿಯಲ್ಲಿ ತೂಗುಹಾಕಿದರೆ ದಪ್ಪಗಿದ್ದವಳಿಗೂ ತೆಳ್ಳಗಿದ್ದವಳಿಗೂ ಆಗುತ್ತಿತ್ತು. ಫಿಲಡೆಲ್ಫಿಯದ ‘ಗೋಡೀಸ್ ಲೇಡೀಸ್ ಬುಕ್’ ಪತ್ರಿಕೆ ನ್ಯೂಯಾರ್ಕಿನ ಕೆನಾಲ್ ಸ್ಟ್ರೀಟಿನಲ್ಲಿದ್ದ ಬ್ರೋಡಿಯ ಅಂಗಡಿಯ ಮ್ಯಾಂಟಲ್‌ಗಳ ಚಿತ್ರಗಳನ್ನು ಅಂಗಡಿಯ ಹೆಸರು ಸಮೇತ ಅಚ್ಚು ಹಾಕುತ್ತಿತ್ತು. 1860ರ ಹೊತ್ತಿಗೆ ಆ ಪತ್ರಿಕೆಗೆ ಒಂದೂವರೆ ಲಕ್ಷ ಚಂದಾದಾರರಿದ್ದರು. ಅಂಗಡಿಯ ಹೆಸರು ಹೊತ್ತ ಆ ಚಿತ್ರಗಳನ್ನು ಜಾಹೀರಾತೆನ್ನಬೇಕೋ ಸುದ್ದಿಯೆನ್ನಬೇಕೋ ಎಂಬ ಗೊಂದಲ ಆಗಲೇ ಶುರುವಾಗಿತ್ತು.

ಪ್ಯಾರಿಸ್ಸಿನ ಗಾಜಲಾಂ ಎಂಬ ಅಂಗಡಿಯಲ್ಲಿ ಶಾಲು, ಮ್ಯಾಂಟಲ್ ಮಾರಲು ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷ್ ಯುವಕನಿದ್ದ. ಮಾರಿ ವೆರ್ನೆ ಎಂಬ ಹುಡುಗಿ ಶಾಲುಗಳನ್ನು ಹೊದ್ದು ಗಿರಾಕಿಗಳೆದುರು ನಡೆಯುತ್ತಿದ್ದಳು. ಶಾಲು ಚೆನ್ನಾಗಿ ಕಾಣಲೆಂದು ವರ್ತ್ ಅವಳಿಗೆ ಸಾದಾ ಉಡುಪುಗಳನ್ನು ತಾನೇ ರೂಪಿಸಿ ಕೊಟ್ಟ. ಗಿರಾಕಿಗಳು ಶಾಲು ಬಿಟ್ಟು ಉಡುಪಿನ ಬೆಲೆ ಕೇಳತೊಡಗಿದರು. ಮಾರಿ ಅವನ ಹೆಂಡತಿಯಾದಳು, ಅವನು 1858ರ ಹೊತ್ತಿಗೆ ಬೋಬರ್ಗ್ ಎಂಬವನ ಜೊತೆ ಸ್ವಂತ ಅಂಗಡಿ ತೆರೆದ. ಪ್ಯಾರಿಸ್ಸಿನ ದೊಡ್ಡ ಫ್ಯಾಷನ್ ಮನೆಗಳ ಪರಂಪರೆ ಅಲ್ಲಿಂದ ಮೊದಲಾಗುತ್ತದೆ. ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ಫಾರ್ಮರ್ ಅಂಡ್ ರಾಜರ್ಸ್ ಎಂಬ ಭಾರಿ ಶಾಲಂಗಡಿಗೆ 1862ರಲ್ಲಿ ಕೆಲಸಕ್ಕೆ ಸೇರಿದ ಆರ್ಥರ್ ಲಿಬರ್ಟಿ 1875ರಲ್ಲಿ ಅದೇ ಬೀದಿಯಲ್ಲಿ ತನ್ನ ಹೆಸರಿನ ಅಂಗಡಿಯಿಟ್ಟ. ಅದು ಇಂದಿಗೂ ನಡೆಯುತ್ತಿದೆ.

ರೈಲು ಬಂದ ಮೇಲೆ ಬೇಸಿಗೆಯ ಹೊದಿಕೆಗೆ ಹೊಸ ಶತ್ರು ಹುಟ್ಟಿತು, ಇಂಜಿನ್ನಿನ ಮಸಿ. ಲೇಸ್ ಹೊದ್ದು ರೈಲು ಹತ್ತಿದವಳು ಇಳಿಯುವಾಗ ಅಳಬೇಕಾಗುತ್ತಿತ್ತು. ಪ್ರಯಾಣಕ್ಕೆ ಬೂದು, ಕಂದು ಬಣ್ಣದ ಸಡಿಲ ಲಿನನ್ ಮೇಲಂಗಿ, ಇಲ್ಲವೇ ಆಲ್ಪಾಕಾದ್ದು. ದಕ್ಷಿಣ ಅಮೆರಿಕದ ಆಲ್ಪಾಕಾ ಪ್ರಾಣಿಯ ಉಣ್ಣೆಯನ್ನು ಹತ್ತಿಯ ಹಾಸಿನ ಎಳೆಗಳಿಗೆ ಹೊಕ್ಕಾಗಿ ನೇಯ್ದ ಬಟ್ಟೆ ಹಗುರ, ನುಣುಪು. ಕೊಡವಿದರೆ ಧೂಳು ಉದುರುತ್ತದೆ. ಟೈಟಸ್ ಸಾಲ್ಟ್ 1853ರಲ್ಲಿ ಬ್ರಾಡ್‌ಫರ್ಡ್ ಬಳಿ ಗಿರಣಿ ತೆರೆದು, ಅದರ ಸುತ್ತ ಸಾಲ್ಟೇರ್ ಎಂಬ ಊರನ್ನೇ ಕಟ್ಟಿಸಿದ್ದು ಈ ಬಟ್ಟೆಯ ಲಾಭದಿಂದ.

1860ರ ದಶಕದಲ್ಲಿ ಲಂಗದ ಮುಂಭಾಗ ಚಪ್ಪಟೆಯಾಗಿ, ತೋಳು ಕಿರಿದಾದಾಗ ಕೊನೆಗೂ ಜಾಕೆಟ್ಟಿಗೆ ಜಾಗವಾಯಿತು. ಅಲ್ಜೀರಿಯದ ಫ್ರೆಂಚ್ ಸೈನ್ಯದ ಜುವಾವ್ ತುಕಡಿಗಳ ಅಂಗಿಯನ್ನು ನೋಡಿ ಹೊಲಿದ ಗಿಡ್ಡ ಜಾಕೆಟ್, ಸೊಂಟದಿಂದ ಕೆಳಗೆ ಸಡಿಲವಾಗಿ ಬೀಳುವ ಬಿಳಿ ಪಿಕೆ ಬಟ್ಟೆಯ ಜಾಕೆಟ್, ಅದರ ಮೇಲೆ ಕರಿ ದಾರದ ಸುರುಳಿ ಕಸೂತಿ. ಕ್ಲಾಡ್ ಮೊನೆ 1866–67ರಲ್ಲಿ ಬರೆದ ‘ತೋಟದಲ್ಲಿ ಹೆಂಗಸರು’ ಚಿತ್ರದಲ್ಲಿ ಬಿಳಿಯ ಮೇಲೆ ಕರಿ ಸುರುಳಿಯ ಇಂಥ ಉಡುಪನ್ನು ನೋಡಬಹುದು. ಎರಡೂವರೆ ಮೀಟರ್ ಎತ್ತರದ ಕ್ಯಾನ್ವಾಸಿನ ಮೇಲ್ತುದಿ ಕೈಗೆಟುಕಲೆಂದು ಅವನು ತೋಟದಲ್ಲಿ ಕಂದಕ ತೋಡಿ ಅದನ್ನು ಇಳಿಸುತ್ತಿದ್ದ. 1867ರ ಪ್ಯಾರಿಸ್ಸಿನ ಸಲೋನ್ ಕಲಾಪ್ರದರ್ಶನ ಅದನ್ನು ತಿರಸ್ಕರಿಸಿತು. ಗೆಳೆಯ ಬಾಝಿಲ್ 2,500 ಫ್ರಾಂಕಿಗೆ ಕೊಂಡು ತಿಂಗಳಿಗೆ 50 ಫ್ರಾಂಕಿನಂತೆ ಕಂತು ಕಟ್ಟಿದ.

1870ರ ದಶಕ ಕಾಲಿಟ್ಟಾಗ ಲಂಗದ ಉಬ್ಬು ಹಿಂದಕ್ಕೆ ಸರಿದು ಬೆನ್ನ ಕೆಳಗೆ ದಿಬ್ಬವಾಯಿತು. ಇಳಿಜಾರೇ ಇಲ್ಲದ ಮೇಲೆ ಶಾಲು ಎಲ್ಲಿ ಹರಡೀತು? ಕಾಶ್ಮೀರಿ ಶಾಲುಗಳು ಪಿಯಾನೋದ ಮೇಲಿನ ಹಾಸಾದವು. ಕೆಲವನ್ನು ಕತ್ತರಿಸಿ ಹೊಸ ಮಾದರಿಯ ಮೇಲಂಗಿ ಹೊಲಿದರು.

ಇಂದು ಅಮೆರಿಕದ ಅಂತರ್ಯುದ್ಧದ ಮರುನಟನೆಗಳಿಗೆ ಅಂದಿನ ದಿರಿಸು ಹೊಲಿಸಿಕೊಳ್ಳುವ ಹೆಂಗಸರಿಗೆ ಇದೇ ಹಳೆಯ ತಲೆಬಿಸಿ. ಆ ಯುದ್ಧದ ಗೆಟಿಸ್‌ಬರ್ಗ್ ಕದನ ನಡೆದದ್ದೇ ಜುಲೈ ಮೊದಲ ವಾರದ ಸೆಕೆಯಲ್ಲಿ. ಹಳೆಯ ಅಸಲಿ ಲೇಸನ್ನು ಭುಜಕ್ಕೇರಿಸುವುದು ಅಪರಾಧಕ್ಕೆ ಸಮ. ಅಂದಿನ ಕರಿ ಬಣ್ಣಕ್ಕೆ ಬಳಸುತ್ತಿದ್ದ ಕಬ್ಬಿಣದ ಲವಣ ರೇಷ್ಮೆಯನ್ನು ಒಳಗೊಳಗೇ ತಿಂದು ಹಾಕಿರುತ್ತದೆ, ಮಡಿಸಿದರೆ ಎಳೆ ಪುಡಿಯಾಗುತ್ತದೆ. ಪರದೆಗೆಂದು ಮಾರುವ ಪಾಲಿಯೆಸ್ಟರ್ ಲೇಸ್ ಹೊಳೆಯುತ್ತದೆ, ಬೆವರಿಗೆ ಅಂಟುತ್ತದೆ, ಅಂದಿನದಲ್ಲವೆಂದು ದೂರದಿಂದಲೇ ಗೊತ್ತಾಗುತ್ತದೆ. ಫ್ರಾನ್ಸಿನ ಕಾಲೆ, ಕೋದ್ರಿ ಊರುಗಳಲ್ಲಿ ಲೀವರ್ಸ್ ಯಂತ್ರಗಳು ಈಗಲೂ ಒಳ್ಳೆಯ ಲೇಸ್ ಹೆಣೆಯುತ್ತವೆ, ಆದರೆ ಅದು ಬರುವುದು ಗಜಗಟ್ಟಲೆಯ ಪಟ್ಟಿಯಾಗಿ. ಮುಕ್ಕೋನದ ಇಡೀ ಶಾಲು ಬೇಕೆಂದರೆ ಪಟ್ಟಿ ಕೂಡಿಸುವ ಹೊಲಿಗೆ ಕಲಿಯಬೇಕು. ಅಷ್ಟು ತಾಳ್ಮೆ, ದುಡ್ಡು ಎರಡೂ ಇಲ್ಲದವರು ಬಿಳಿ ಹತ್ತಿಯ ತೆಳು ವಾಯಿಲ್ ತಂದು, ಅಂಚಿಗೆ ನಿರಿಗೆ ಕೊಟ್ಟು, ಮೊಣಕೈ ಮುಟ್ಟುವ ಮ್ಯಾಂಟಲ್ ಹೊಲಿದುಕೊಳ್ಳುತ್ತಾರೆ. ಸಂಜೆಗೆ ಒಗೆದು ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ.